ಮೀಟರಿನ ಮುಂದೆ ಜಪಸರ

ಇಚಲಕರಂಜಿಯಲ್ಲಿ ಮಗ್ಗಗಳು ವಾರಕ್ಕೊಮ್ಮೆ ನಿಲ್ಲುತ್ತವೆ. ಆ ಒಂದು ದಿನ ಊರಿಗೆ ಬೇರೆಯದೇ ಕಿವಿ ಬರುತ್ತದೆ. ಉಳಿದ ದಿನಗಳ ಖಟಖಟದಲ್ಲಿ ಮುಳುಗಿಹೋಗುವ ಗುಬ್ಬಿಯ ದನಿ, ನೆರೆಮನೆಯ ಒರಳಿನ ಸದ್ದು, ಬಸದಿಯ ಗಂಟೆ ಹೊಡೆದಾದ ಮೇಲೂ ಗಾಳಿಯಲ್ಲಿ ಉಳಿಯುವ ಅದರ ನಡುಕ, ಎಲ್ಲ ಅಂದು ಕೇಳುತ್ತವೆ. ಹೀರಾಬಾಯಿಯ ನಿಯಮದ ಮಾತು ನಡೆದದ್ದು ಅಂಥ ಒಂದು ದಿನ. ಮರುದಿನ ಬೆಳಗಾದರೆ ದಶಲಕ್ಷಣ ಪರ್ವ, ಜೈನರು ನಿಯಮ ಹಿಡಿದು ಏನನ್ನಾದರೂ ಬಿಡುವ ಹತ್ತು ದಿನಗಳು.

ಹೀರಾಬಾಯಿ ಪರ್ವವನ್ನು ಬರಿದೇ ಕಳೆದವಳಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಪ್ರತಿ ಭಾದ್ರಪದದಲ್ಲೂ ಉಪವಾಸ ಹಿಡಿದವಳು. ಹೋದ ವರ್ಷ ಗಡಹಿಂಗ್ಲಜದಲ್ಲಿ ಮಗಳ ಮನೆಗೆ ಹೋದಾಗ, ಉಪವಾಸದ ನಡುವೆ ಬಸದಿಯ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದಳು. ಇನ್ನು ಮುಂದೆ ಊಟ ಬಿಡಕೂಡದು, ಗುಳಿಗೆ ಬಿಡಕೂಡದು ಎಂದು ಅಲ್ಲಿಯ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಈ ವರ್ಷ ಪರ್ವ ಹತ್ತಿರ ಬಂದಂತೆ ಅವಳ ಊಟ ತಾನೇ ಕಡಿಮೆಯಾಗಿತ್ತು. ಏನನ್ನೂ ಬಿಡದೆ ಪರ್ವಕ್ಕೆ ಕಾಲಿಡುವುದು ಅವಳಿಗೆ ಬರಿಗೈಲಿ ದೇವರ ಮುಂದೆ ನಿಂತಂತೆ.

ಮಳೆಗಾಲದಲ್ಲಿ ಬೆಳಗ್ಗೆ ಎದ್ದರೆ ಬಲ್ಬಿನ ಕೆಳಗೆ ಹುಳಗಳು ಸತ್ತು ಬಿದ್ದಿರುತ್ತಿದ್ದವು. ಅವನ್ನು ಮೆತ್ತಗಿನ ಪೊರಕೆಯಿಂದ ಒಂದೆಡೆ ಸೇರಿಸುವಾಗ ಅವಳಿಗೆ ದಾರಿ ಹೊಳೆಯಿತು. ಅನ್ನ ಬಿಡಲಾಗದಿದ್ದರೆ ಬೆಳಕು ಬಿಡಬಹುದು. ಪರ್ವ ಮುಗಿಯುವತನಕ, ಹೊತ್ತು ಮುಳುಗಿದಾಗಿನಿಂದ ಹೊತ್ತು ಹುಟ್ಟುವವರೆಗೆ ಮನೆಯಲ್ಲಿ ಕರೆಂಟು ಉರಿಯಬಾರದು.

ಚಾತುರ್ಮಾಸಕ್ಕೆ ಬಸದಿಯಲ್ಲಿ ಇಳಿದಿದ್ದ ಮುನಿ ಮಹಾರಾಜರ ಮುಂದೆ ಅವಳು ಕೈಮುಗಿದು ಇದನ್ನೇ ಕೇಳಿಕೊಂಡಳು. ಹಿಂದೆ ಕುಳಿತಿದ್ದವಳು ಪಕ್ಕದ ಮನೆಯ ಶಾಲನ. ಬಾಯಿ ದೊಡ್ಡದು, ಕಣ್ಣು ಇನ್ನೂ ದೊಡ್ಡವು.

"ದೀಪ ಆರಿಸಿದ್ರ ಆತೇನ್ರಿ ಹೀರಕ್ಕಾ? ನಿಮ್ಮ ಪಡಸಾಲ್ಯಾಗಿನ ಮೀಟರಿನ ಚಕ್ರ ಯಾವಾಗೂ ನಿಂತಿದ್ದು ನಾ ನೋಡಿಲ್ಲ. ನೀವೆಲ್ಲಾ ಊರಿಗಿ ಹೋದಾಗೂ ತಿರಗತಿರತೈತಿ."

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಮಹಾರಾಜರು ನಗಲಿಲ್ಲ. ಆ ಚಕ್ರವನ್ನು ತಿರುಗಿಸುವುದು ಏನೆಂದು ಕೇಳಿದರು. ಹೀರಾಬಾಯಿ ಗೊತ್ತಿಲ್ಲವೆಂದಳು. ನಿಯಮ ತೆಗೆದುಕೊಳ್ಳುವವರು ಬಿಡುವ ವಸ್ತುವಿನ ಹೆಸರನ್ನು ಗುರುಗಳ ಎದುರು ಬಾಯಿಬಿಟ್ಟು ಹೇಳಬೇಕು. ಅದು ಅವರಲ್ಲಿ ನಡೆದು ಬಂದ ರೀತಿ.

"ಹೆಸರು ಗೊತ್ತಿಲ್ಲದ್ದನ್ನ ಬಿಡಾಕ ಬರೂದಿಲ್ಲ, ಬಾಯಿ," ಎಂದರು ಅವರು. "ಹುಡುಕ್ರಿ. ನಾಳೆ ಮುಂಜಾನೆ ಹೆಸರು ತಗೊಂಡು ಬರ್ರಿ, ನಿಯಮ ಕೊಡ್ತೇನಿ."

ಪರ್ವದ ಮೊದಲ ಬೆಳಗು ತಪ್ಪಿದರೆ ಆ ವರ್ಷದ ನಿಯಮ ತಪ್ಪಿದಂತೆಯೇ. ಹೀರಾಬಾಯಿ ಬಿಸಿಲಲ್ಲಿ ಸರಸರ ನಡೆದು ಮನೆಗೆ ಬಂದಳು.

ಮಗ ಭೂಪಾಲ ರಜೆಯ ದಿನವಾದ್ದರಿಂದ ಮನೆಯಲ್ಲಿದ್ದ. ಮಗ್ಗಗಳ ಒಂದು ಶೆಡ್ಡಿನ ಉಸ್ತುವಾರಿ ಅವನದು. ತಾಯಿಯ ಮಾತು ಕೇಳಿ ಅವನು ಇಷ್ಟಕ್ಕೆ ಯಾಕೆ ಚಿಂತೆ, ಸಂಜೆಗೆ ಮೇನ್ ಸ್ವಿಚ್ಚು ಕೆಳಗೆ ಎಳೆದರೆ ಚಕ್ರ ನಿಲ್ಲುತ್ತದೆ ಎಂದ.

"ಕಣ್ಣ ಮುಚ್ಚಿಕೊಂಡ್ರ ಎದುರಿಗಿರೂದು ಇಲ್ಲದಂಗ ಆಗತೈತೇನೋ?" ಎಂದಳು ಹೀರಾಬಾಯಿ. "ನಾ ಏನ್ ಬಿಡಾಕತ್ತೇನಿ ಅನ್ನೂದು ಮೊದಲ ನನಗ ಗೊತ್ತಾಗಬೇಕು."

ಹಾಗಾದರೆ ಮೀಟರೇ ಕೆಟ್ಟಿರಬೇಕು ಎಂದು ಭೂಪಾಲ ಹೇಳಿ ನೋಡಿದ. ತಾಯಿ ಅಷ್ಟರಲ್ಲಿ ಸೊಸೆಯನ್ನು ಕರೆದಾಗಿತ್ತು.

ಸೊಸೆ ಮಂಗಲ ದಾನೋಳಿಯವಳು. ಮಾತು ಕಡಿಮೆ. ಅತ್ತೆ ಹೇಳಿದಂತೆ ಮನೆಯಲ್ಲಿ ದಿನವೂ ಹಚ್ಚಿ ಆರಿಸುವ ಸ್ವಿಚ್ಚಿನ ಗುಂಡಿಗಳನ್ನೆಲ್ಲ ಆರಿಸಿ ಬಂದು ಸ್ಟೂಲು ಹತ್ತಿ ಮೀಟರಿನ ಗಾಜಿಗೆ ಮುಖ ಹತ್ತಿರ ತಂದಳು. ಒಳಗೆ ಬೆಳ್ಳಿಯ ಬಣ್ಣದ ಚಕ್ರ, ಅದರ ಅಂಚಿಗೆ ಒಂದು ಕೆಂಪು ಗುರುತು. ಪಡಸಾಲೆಯಲ್ಲಿ, ನಡುಮನೆಯಲ್ಲಿ ಒಂದು ದೀಪವಿಲ್ಲ, ಒಂದು ಫ್ಯಾನಿಲ್ಲ. ಆದರೂ ಕೆಂಪು ಗುರುತು ಎಡದಿಂದ ಬಲಕ್ಕೆ ಮೆಲ್ಲಗೆ ಸಾಗಿ ಮರೆಯಾಯಿತು.

ಎಷ್ಟು ಬೇಗ ತಿರುಗುತ್ತದೆ ಎಂದು ತಿಳಿಯಬೇಕು. ಭೂಪಾಲ ಕೈಗಡಿಯಾರ ಬಿಚ್ಚಿ ಕೊಡಲು ಬಂದ. ಹೀರಾಬಾಯಿ ಬೇಡವೆಂದಳು. ಅವಳ ಕಣ್ಣಿಗೆ ಗಡಿಯಾರದ ಮುಳ್ಳೂ ಕಾಣದು, ಚಕ್ರವೂ ಕಾಣದು. ಆದರೆ ಅವಳ ಜಪಕ್ಕೆ ಒಂದೇ ನಡಿಗೆ. ಹೊಸ ಮದುಮಗಳಾಗಿದ್ದಾಗ ಎಷ್ಟು ನಿಧಾನವೋ ಇಂದಿಗೂ ಅಷ್ಟೇ ನಿಧಾನ. ಅವಳು ಪಡಸಾಲೆಯ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತು ಜಪಸರ ಹಿಡಿದಳು. ಗುರುತು ಎದುರಿಗೆ ಬಂದಾಗ ಮಂಗಲ "ಬಂತ್ರಿ" ಎಂದಳು. ಒಂದು ಮಂತ್ರಕ್ಕೆ ಒಂದು ಮಣಿಯಂತೆ ಬೆರಳು ಸರಿಯತೊಡಗಿತು. ಮತ್ತೆ "ಬಂತ್ರಿ" ಎಂಬ ದನಿ ಕೇಳುವಷ್ಟರಲ್ಲಿ ಸರದ ಕಾಲು ಭಾಗ ಸರಿದಿತ್ತು.

ಹೀಗೆ ಮನೆಯ ಸೋರಿಕೆಗೆ ಒಂದು ಅಳತೆ ಸಿಕ್ಕಿತು. ಇನ್ನು ಹುಡುಕಬೇಕು.

ಮಗ್ಗಗಳು ನಿಂತ ದಿನವಲ್ಲವೇ, ಮನೆಯೊಳಗೆ ನಿಶ್ಶಬ್ದ. ಗಣಪತಿ ಮಂಡಳದ ಧ್ವನಿವರ್ಧಕದ ಕರ್ಣೆ ಇನ್ನೂ ಬಾಯಿ ತೆರೆದಿರಲಿಲ್ಲ. ಮಂಗಲ ಕೋಣೆಯಿಂದ ಕೋಣೆಗೆ ಹೋಗಿ ನಿಂತು ನಿಂತು ಕೇಳಿದಳು. ನಡುಮನೆಯಲ್ಲಿ ಭ್ರಮರ ಗೂಡಿನೊಳಗಿಂದ ಹಾಡಿದಂತೆ ಸಣ್ಣ ಗುಂಯ್‌ಗುಟ್ಟು. ಟೀವಿಯ ಕೆಳಗಿನ ಸ್ಟೆಬಿಲೈಜರು. ಅದರ ಮೇಲೆ ಬೀದಿಯ ಬೆಕ್ಕು ಸುರುಳಿ ಸುತ್ತಿ ಮಲಗಿತ್ತು. ಆ ಬೆಕ್ಕಿಗೆ ಮಳೆಗಾಲದಲ್ಲಿ ಅದೇ ಜಾಗ. ಯಾಕೆಂದು ಯಾರೂ ಕೇಳಿರಲಿಲ್ಲ. ಮಂಗಲ ಬೆಕ್ಕಿನ ಪಕ್ಕದಲ್ಲಿ ಕೈಯಿಟ್ಟಳು. ಹಾಲು ಕಾಯಿಸಿ ಇಳಿಸಿದ ಪಾತ್ರೆಯ ಮೈಯಂತೆ ಬೆಚ್ಚಗಿತ್ತು.

ಆ ಗುಂಡಿಯನ್ನು ಮುಟ್ಟಲು ಭೂಪಾಲ ಯಾರಿಗೂ ಬಿಟ್ಟಿರಲಿಲ್ಲ. ಟೀವಿ ಕೊಂಡ ಕೊಲ್ಹಾಪುರದ ಅಂಗಡಿಯವನು ಅದು ಟೀವಿಯನ್ನು ಕಾಯುತ್ತದೆ, ಎಂದೂ ಆರಿಸಬೇಡಿ ಎಂದಿದ್ದನಂತೆ. ಟೀವಿ ಹಚ್ಚದಾಗ ಇದು ಯಾರನ್ನು ಕಾಯುತ್ತದೆ ಎಂದು ಹೀರಾಬಾಯಿ ಕೇಳಿದಳು.

"ಬೆಕ್ಕನ್ನ ಕಾಯತೈತ್ರಿ," ಎಂದಳು ಮಂಗಲ.

ಭೂಪಾಲನಿಗೇ ನಗು ಬಂತು. ಬಗ್ಗಿ ಗುಂಡಿ ಆರಿಸಿದ. ಗುಂಯ್‌ಗುಟ್ಟು ನಿಂತಿತು. ಬೆಕ್ಕು ಒಂದು ಕಣ್ಣು ತೆರೆದು ಮನೆಯವರನ್ನೆಲ್ಲ ತಪ್ಪಿತಸ್ಥರಂತೆ ನೋಡಿತು. ಮತ್ತೆ ಜಪ, ಮತ್ತೆ ಕೆಂಪು ಗುರುತು. ಈ ಸಲ ಅದು ಒಂದು ಸುತ್ತು ಬರಲು ಅರ್ಧ ಸರ ಹಿಡಿಯಿತು.

ಮನೆಯಲ್ಲಿ ಆರಿಸದೆ ಉಳಿದದ್ದು ಇನ್ನೊಂದಿತ್ತು. ಅದು ಮಂಗಲಳಿಗೆ ಗೊತ್ತಿತ್ತು, ಬಾಯಿಬಿಡಲು ಧೈರ್ಯ ಸಾಲಲಿಲ್ಲ. ದೇವರ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು, ಅಷ್ಟೇ. ಜಿನಬಿಂಬದ ಮುಂದೆ ಹಗಲಿರುಳು ಉರಿಯುವ ಕೆಂಪು ಬಲ್ಬು ಅತ್ತೆಯೇ ತಂದು ಹಚ್ಚಿದ್ದು. ಝೀರೋ ಬಲ್ಬು ಎಂದೇ ಅದನ್ನು ಮಾರುತ್ತಿದ್ದರು. ಅದು ಕರೆಂಟೇ ತಿನ್ನುವುದಿಲ್ಲ ಎಂದು ಓಣಿಯ ಎಲ್ಲರಂತೆ ಈ ಮನೆಯವರೂ ನಂಬಿದ್ದರು.

ಸೊಸೆ ನಿಂತ ರೀತಿಯಲ್ಲೇ ಹೀರಾಬಾಯಿಗೆ ಅರ್ಥವಾಯಿತು. ಒಳಗೆ ಹೋಗಿ ಸೆರಗಿನ ತುದಿಯಿಂದ ಬಲ್ಬನ್ನು ಮುಟ್ಟಿದಳು. ಸೆರಗಿನೊಳಗಿಂದಲೂ ಬೆರಳು ಸುಟ್ಟಿತು. ಕೆಳಗಿನ ಹಲಗೆಯನ್ನು ಸವರಿದಾಗ ಕೈಗೆ ಸಣ್ಣ ಸಣ್ಣ ರೆಕ್ಕೆಗಳು ಅಂಟಿಕೊಂಡವು. ಅವಳು ಬಹಳ ಹೊತ್ತು ಆ ಕೈಯನ್ನೇ ನೋಡಿದಳು. ಆಮೇಲೆ ತಾನೇ ಗುಂಡಿ ಆರಿಸಿದಳು.

"ದೇವರಿಗಿ ಕಾಣಾಕ ಈ ದೀಪ ಬೇಕಾಗಿರಲಿಲ್ಲ," ಎಂದಳು. "ಬೇಕಾಗಿದ್ದದ್ದು ನನಗ."

ಮತ್ತೆ ಕಟ್ಟೆಗೆ ಬಂದು ಕುಳಿತಳು. ಕಾಲು ಸರ, ಅರ್ಧ ಸರ, ಮುಕ್ಕಾಲು. ಮಂಗಲ ಸ್ಟೂಲಿನ ಮೇಲೆ ನಿಂತು ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಸರ ಪೂರ್ತಿಯಾಗಿ ಬೆರಳು ಮೇರುಮಣಿಯನ್ನು ಮುಟ್ಟಿತು. ಗೆದ್ದೆವೆಂದು ಭೂಪಾಲ ಎದ್ದು ನಿಂತ. ಮರಳಿ ಹೊರಟ ಬೆರಳು ಕೆಲವು ಮಣಿ ಸರಿಸುವಷ್ಟರಲ್ಲಿ "ಬಂತ್ರಿ" ಎಂಬ ದನಿ ಬಂತು. ಮಂಗಲ ಅದನ್ನು ತನ್ನದೇ ತಪ್ಪೆಂಬಂತೆ ಹೇಳಿದಳು.

ಭೂಪಾಲ ಸಾಕೆಂದ. ಇಷ್ಟು ನಿಧಾನವಾಗಿ ತಿರುಗುವುದು ಚಕ್ರದ ಚಟವಿರಬೇಕು, ಇನ್ನು ಆರಿಸಲು ಏನೂ ಉಳಿದಿಲ್ಲ, ಎರಡು ಹೆಸರು ಸಿಕ್ಕಿವೆಯಲ್ಲ ಎಂದ. ಹೀರಾಬಾಯಿ ತಲೆ ಅಲ್ಲಾಡಿಸಿದಳು. ಮೂರನೆಯದನ್ನು ಬಚ್ಚಿಟ್ಟು ಎರಡು ಹೆಸರು ಹೇಳುವುದು ಗುರುಗಳ ಮುಂದೆ ಸುಳ್ಳಾಡಿದಂತೆ. ಹೊರಗೆ ಬಿಸಿಲು ಇಳಿಯತೊಡಗಿತ್ತು. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು, ಒಲೆ ಇನ್ನೂ ಹೊತ್ತಿರಲಿಲ್ಲ. ಹೀರಾಬಾಯಿಯ ಮುಖ ಗಡಹಿಂಗ್ಲಜದಿಂದ ಕರೆತಂದ ದಿನ ಇದ್ದಂತೆ ಇತ್ತು.

ಮಂಗಲ ಸ್ಟೂಲಿನಿಂದ ಇಳಿದಳು.

"ಅತ್ತ್ಯಾರ, ಹಿತ್ತಲದಾಗ ಹಸಿ ಅರವಿ ಒಣಹಾಕೂವಾಗ ತಂತಿ ಹಿಡದ್ರ ಕೈ ಝುಂ ಅಂತೈತ್ರಿ. ಮಳಿಗಾಲದಾಗ ಅಷ್ಟ. ಹೋದ ವರ್ಷನೂ ಹೇಳಿದ್ದೆ."

ಹೇಳಿದ್ದಳು. ತಣ್ಣೀರಿಗೆ ಕೈ ಮರಗಟ್ಟಿರಬೇಕು ಎಂದು ಅತ್ತೆ ಅಂದಿದ್ದಳು, ಗಂಡ ಅದನ್ನೂ ಅಂದಿರಲಿಲ್ಲ. ಈಗ ಅವನು ಥಟ್ಟನೆ ಎದ್ದ. ಶೆಡ್ಡಿನಲ್ಲಿ ಶಾಕ್ ಹೊಡೆದು ಬಿದ್ದವರನ್ನು ಕಂಡವನು. ಟೆಸ್ಟರು ಹಿಡಿದು ಹಿತ್ತಲಿಗೆ ಹೋಗಿ ಬಟ್ಟೆಯ ತಂತಿಗೆ ತಾಗಿಸಿದ. ಟೆಸ್ಟರಿನೊಳಗೆ ಸಣ್ಣ ಕೆಂಡ ಹೊತ್ತಿತು.

ಆ ತಂತಿ ಕಟ್ಟಿದ ಕೊಂಡಿ ಹಿಂದಿನ ಕೋಣೆಯ ಗೋಡೆಯಲ್ಲಿತ್ತು. ಗೋಡೆ ಮಳೆನೀರು ಕುಡಿದು ಕಪ್ಪಾಗಿತ್ತು. ಅದರೊಳಗೆ ಹಾದದ್ದು ಹೀರಾಬಾಯಿಯ ಗಂಡ ಜಿನಗೊಂಡ ಮಗ್ಗಕ್ಕೆಂದು ಎಳೆಸಿದ್ದ ಕರೆಂಟಿನ ಲೈನು. ಕೈಮಗ್ಗ ಬಿಟ್ಟು ಈ ಓಣಿಗೆ ಮೊದಲ ಯಂತ್ರದ ಮಗ್ಗ ತಂದವನು ಅವನು. ಅವನು ಹೋದ ಮೇಲೆ ಮಗ್ಗ ಮಾರಿದರು. ಲೈನು ಕಡಿಸಲು ಮಾತ್ರ ಹೀರಾಬಾಯಿ ಒಪ್ಪಿರಲಿಲ್ಲ. ದಸರೆಗೊಮ್ಮೆ ಆ ಲೈನಿನ ಬರಿದಾದ ಸ್ವಿಚ್ ಬೋರ್ಡಿಗೆ ಚೆಂಡುಹೂವಿನ ಮಾಲೆ ಹಾಕುತ್ತಿದ್ದಳು. ಒಳಗೆ ತಂತಿಯ ಹೊದಿಕೆ ಹಳತಾಗಿ, ಬಿರುಕು ಬಿಟ್ಟು, ಹಸಿ ಗೋಡೆಗೆ ಕರೆಂಟು ಸೋರುತ್ತಿತ್ತು.

"ಅವ್ವಾ, ಅಪ್ಪನ ಲೈನು," ಎಂದ ಭೂಪಾಲ. ಬೇಕಿದ್ದರೆ ಹೊಸ ತಂತಿ ಎಳೆಸಿ ಅದನ್ನು ಉಳಿಸುತ್ತೇನೆ ಎಂದೂ ಸೇರಿಸಿದ.

ಹೀರಾಬಾಯಿ ಗೋಡೆಯನ್ನು ನೋಡಲಿಲ್ಲ. ಮಂಗಲಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು ಅಂಗೈ ಮೇಲೆ ಮಾಡಿ ನೋಡಿದಳು, ಬೆರಳು ಬೆರಳು ಮುಟ್ಟಿ ನೋಡಿದಳು.

"ತಗಿ ಅದನ್ನ," ಎಂದಳು ಮಗನಿಗೆ.

ಭೂಪಾಲ ಮೀಟರಿನ ಕೆಳಗಿದ್ದ ಫ್ಯೂಜುಗಳ ಸಾಲಿನಿಂದ ಹಿಂದಿನ ಕೋಣೆಯದನ್ನು ಕಿತ್ತು ತಾಯಿಯ ಕೈಗೆ ಕೊಟ್ಟ. ಬಿಳಿಯ ಪಿಂಗಾಣಿಯ ತುಂಡು. ಹಿತ್ತಲಿಗೆ ಹೋಗಿ ಮತ್ತೆ ಟೆಸ್ಟರು ಹಿಡಿದ, ಕೆಂಡ ಹೊತ್ತಲಿಲ್ಲ. ಮಂಗಲ ಸ್ಟೂಲು ಹತ್ತಿದಳು. ಕೆಂಪು ಗುರುತು ಗಾಜಿನ ನಟ್ಟನಡುವೆ ಇತ್ತು. ಹೀರಾಬಾಯಿ ಜಪ ಶುರುಮಾಡಿದಳು. ಒಂದು ಸರ ಮುಗಿಯಿತು. ಇನ್ನೊಂದು ಸರ ಮುಗಿಯಿತು.

"ಸರದೈತೇನ?"

"ಇಲ್ರಿ ಅತ್ತ್ಯಾರ. ಇದ್ದಲ್ಲೇ ಐತ್ರಿ. ಎಳ್ಳಿನಷ್ಟೂ ಸರದಿಲ್ಲ."

ಮೂರನೆಯ ಸರವನ್ನು ಹೀರಾಬಾಯಿ ಅಳತೆಗೆಂದು ಎಣಿಸಲಿಲ್ಲ.

ಮರುದಿನ ಬಸದಿ ತುಂಬಿತ್ತು. ಊರಿನ ಮಗ್ಗಗಳು ಮತ್ತೆ ಖಟಖಟ ಎನ್ನುತ್ತಿದ್ದವು. ಹೀರಾಬಾಯಿ ಮುಂದೆ ಬಂದು ಕೈಮುಗಿದಳು. ಟೀವಿಯ ಸ್ಟೆಬಿಲೈಜರು ಎಂದಳು. ದೇವರ ಮುಂದಿನ ಕೆಂಪು ಬಲ್ಬು ಎಂದಳು. ಮೂರನೆಯದನ್ನೂ ಹೇಳಿದಳು.

"ನಮ್ಮ ಯಜಮಾನ್ರ ಮಗ್ಗದ ಲೈನು. ಉಳದದ್ದೆಲ್ಲಾ ಪರ್ವ ಮುಗಿಯೂತನಕ ಬಿಡ್ತೇನ್ರಿ. ಇದನ್ನ ಜೀವ ಇರೂತನಕ."

ಯಾರು ಹುಡುಕಿದರೆಂದು ಮಹಾರಾಜರು ಕೇಳಿದರು.

"ನನ್ನ ಸೊಸಿ ಕೈ ಹೋದ ವರ್ಷನ ಹೇಳಿತ್ರಿ," ಎಂದಳು. "ನಮ್ಮ ಕಿವಿಗಿ ಮುಟ್ಟಾಕ ಇಷ್ಟು ದಿನ ಹಿಡೀತು."

ಮಹಾರಾಜರು ನವಿಲುಗರಿಯ ಪಿಂಛಿಯನ್ನು ಎತ್ತಿ ನಿಯಮ ಕೊಟ್ಟರು. ಹಿಂದಿನ ಸಾಲಿನಲ್ಲಿದ್ದ ಮಂಗಲಳಿಗೂ ಆಶೀರ್ವಾದ ಮಾಡಿದರು. ಶಾಲನ ಅಂದು ಬಸದಿಯಲ್ಲಿ ಏನೂ ಮಾತಾಡಲಿಲ್ಲ. ಅದನ್ನು ಕಂಡವರು ಅಡುಗೆಮನೆಗಳಲ್ಲಿ ಹೇಳಿಕೊಂಡರು.

ಸಂಜೆ, ಬೇಗನೆ ಊಟ ಮುಗಿಸಿದ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಹೀರಾಬಾಯಿಯ ಪಡಸಾಲೆಗೆ ಬಂದರು. ಹೊತ್ತು ಮುಳುಗಿತು. ಮಂಗಲ ಕೊನೆಯ ಗುಂಡಿ ಆರಿಸಿದಳು. ಆಕಾಶದಲ್ಲಿ ಉಳಿದ ಬೆಳಕಿನಲ್ಲೇ ಚಕ್ರ ಕಾಣುತ್ತಿತ್ತು, ಕೊಳದ ನೀರಿನಂತೆ ಸ್ಥಿರವಾಗಿ. ಎಲ್ಲರಿಗಿಂತ ಕೊನೆಗೆ ಬಂದ ಶಾಲನ ಚಾಳೀಸು ಹಾಕಿಕೊಂಡು, ತನ್ನದೇ ಜಪಸರ ತಂದು, ಸ್ಟೂಲಿನ ಪಕ್ಕದಲ್ಲಿ ನಿಂತಳು. ಪೂರ್ತಿ ಒಂದು ಸರ ಎಣಿಸಿದಳು. ಚಕ್ರ ಅಲುಗಲಿಲ್ಲ. ಅವಳು ಚಾಳೀಸು ತೆಗೆದು ಸೆರಗಿನಿಂದ ಒರೆಸಿದಳು, ಗಾಜಿನದೇ ತಪ್ಪಿರಬಹುದು ಎಂಬಂತೆ.

"ಮಂಗಲಾ, ನಾಳೆ ಮಧ್ಯಾಹ್ನ ನಮ್ಮ ಮನಿಗಿ ಒಂದ ಸಲ ಬಂದು ಹೋಗವಾ," ಎಂದಳು ಸಣ್ಣ ದನಿಯಲ್ಲಿ. "ನಮ್ಮದೂ ತಿರಗಾಕತ್ತೈತಿ. ನಿನ್ನೆ ನೋಡಿದೆ."

ಮಂಗಲ ಅತ್ತೆಯ ಕಡೆ ನೋಡಿದಳು. ಹೀರಾಬಾಯಿ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದಳು. ತುಟಿಯಲ್ಲಿ ಮಂತ್ರ, ಅದರ ಅಂಚಿನಲ್ಲಿ ನಗು.

"ಬರ್ತಾಳ ತಗೋ," ಎಂದಳು ಕಣ್ಣು ತೆರೆಯದೆಯೇ. "ಜಪ ಮಾತ್ರ ನೀನ ಮಾಡಬೇಕು."