ನೀರಿಗೆ ಮುಖ ಕೊಟ್ಟ ಹುಳು

ನಮ್ಮ ಅತ್ತಿಗೆ ವಿಮಲಮ್ಮ ತಪ್ಪು ಮಾಡುವುದಿಲ್ಲ. ಮಾಡಿದರೂ ಅದು ಅವಳದಾಗಿರುವುದಿಲ್ಲ. ಪಾಯಸ ಸೀದರೆ ಪಾತ್ರೆ ತೆಳ್ಳಗಿತ್ತು, ಬಸ್ಸು ತಪ್ಪಿದರೆ ಡ್ರೈವರಿಗೆ ಅವಸರ. ನಾನು ಅವಳ ನಾದಿನಿ ಸರ್ವಮಂಗಳ; ಶನಿವಾರಸಂತೆಯ ಈ ಮನೆಯಲ್ಲಿ ಅವಳ ಜೊತೆ ಜಗಳ ಆಡಿಕೊಂಡೇ ಕೂದಲು ಬೆಳ್ಳಗೆ ಮಾಡಿಕೊಂಡವಳು. ಹಾಗಾಗಿ ಮೊನ್ನೆ ಭಾನುವಾರ ನಡೆದದ್ದನ್ನು ನಾನೇ ಹೇಳಬೇಕು. ಅವಳು ಹೇಳಿದರೆ ಬೇರೆಯೇ ಕಥೆ ಆಗಿಬಿಡುತ್ತದೆ.

ಅವಳ ಮಗಳು ಸ್ಪಂದನಾ ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಅಲ್ಲಿ ಅವಳ ತಲೆ ಹೊಕ್ಕಿದ್ದು ಟ್ರೈಲೋಬೈಟ್ ಎಂಬ ಹುಳು. ಹುಳು ಅಂದರೆ ಅವಳಿಗೆ ಸಿಟ್ಟು ಬರುತ್ತದೆ. ಏಡಿ, ಚೇಳುಗಳ ದೂರದ ನೆಂಟನಂತೆ. ಸಮುದ್ರದ ತಳದಲ್ಲಿ ಓಡಾಡಿಕೊಂಡಿದ್ದು ಇಪ್ಪತ್ತೈದು ಕೋಟಿ ವರ್ಷದ ಹಿಂದೆಯೇ ಪೂರ್ತಿ ಅಳಿದುಹೋಯಿತಂತೆ. ಹೋದವರ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವವಳನ್ನು ನಾನಂತೂ ನೋಡಿಲ್ಲ. ಅವಳ ವಾದ ಇಷ್ಟೇ: ಕೆಲವು ಜಾತಿಗಳಿಗೆ ತಲೆಯ ಸುತ್ತ ಮೊರದ ಹಾಗೆ ಅಗಲವಾದ, ಇಳಿಜಾರಾದ ಅಂಚು ಇತ್ತು. ನೀರು ಎದುರಿನಿಂದ ಬಂದರೆ ಆ ಇಳಿಜಾರಿನ ಮೇಲೆ ಹತ್ತಿ ಹೋಗುತ್ತಾ ತಲೆಯನ್ನು ಮರಳಿಗೆ ಒತ್ತಿ ಹಿಡಿಯುತ್ತಿತ್ತು. ಹಾಗಾಗಿ ಸೆಳೆತಕ್ಕೆ ಪ್ರಾಣಿ ಕೊಚ್ಚಿ ಹೋಗುತ್ತಿರಲಿಲ್ಲ.

ಇದನ್ನು ತೋರಿಸಲು ಎರಡು ಮಾದರಿ ಮಾಡಿದ್ದಳು. ಎರಡೂ ಅಂಗೈ ಅಗಲ, ಒಂದೇ ತೂಕ. ಒಂದಕ್ಕೆ ಅಂಚು ಇತ್ತು, ಇನ್ನೊಂದು ಅಂಚಿಲ್ಲದ ಗುಂಡನೆಯದು. ಆದರೆ ಕಾಲೇಜಿನ ಗಾಜಿನ ತೊಟ್ಟಿಯಲ್ಲಿ ನೀರಿಗೆ ರಭಸವೇ ಇಲ್ಲ. ಅವಳ ಮೇಷ್ಟ್ರು ನಿರಂಜನ್ ಖಡಾಖಂಡಿತ ಹೇಳಿದ್ದರು: ಕಣ್ಣಾರೆ ತೋರಿಸಿದರೆ ಸಂಶೋಧನೆಗೆ ಸೇರಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಆಗ ಹುಡುಗಿಗೆ ನೆನಪಾದದ್ದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಮನೆಯ ಪಕ್ಕದ, ಕಾಫಿ ತೊಳೆಯುವ ಸಿಮೆಂಟು ಕಾಲುವೆ. ಹಣ್ಣು ಕೀಳುವ ಪಿಕ್ಕಿಂಗ್ ಮುಗಿದಿತ್ತು, ಕಾಲುವೆ ಖಾಲಿ. ಗೇಟು ಎತ್ತಿದರೆ ಮೇಲಿನ ಕೆರೆಯ ನೀರು ಧೋ ಅಂತ ಬರುತ್ತದೆ.

ಭಾನುವಾರ ಬೆಳಿಗ್ಗೆ ಸ್ಪಂದನಾ ಕಾಲುವೆಯ ತಳಕ್ಕೆ ಮರಳು ಹಾಸಿ, ಮಾದರಿಗಳನ್ನಿಟ್ಟು, ಮೇಷ್ಟ್ರ ಕಾರಿಗೆ ದಾರಿ ತೋರಿಸಲು ರಸ್ತೆಗೆ ಹೋದಳು. ಅಷ್ಟರಲ್ಲಿ ಅತ್ತಿಗೆ ಪೊರಕೆ ಹಿಡಿದು ಬಂದಳು.

"ದೊಡ್ಡೋರು ಬರ್ತಾರೆ, ಈ ಪಾಚಿ ನೋಡೇ! ಮಾನ ಹೋಗುತ್ತೆ."

ಮಾದರಿಗಳನ್ನು ಎತ್ತಿಟ್ಟು, ಮರಳು ಸರಿಸಿ, ಕಾಲುವೆ ಉಜ್ಜಿ, ಮತ್ತೆ ಮರಳು ಹಾಸಿದಳು. ಮಾದರಿಗಳನ್ನು ಮಾತ್ರ ನೀರು ಬರುವ ಕಡೆಗೆ ಬಾಲ ಮಾಡಿ ಕೂರಿಸಿದಳು.

"ಹೀಗೇ ಇತ್ತಾ ಅತ್ತಿಗೆ?" ಅಂದೆ.

"ಮುಖಕ್ಕೇ ನೀರು ಹೊಡೆದ್ರೆ ಪಾಪ ಅವು ಉಸಿರಾಡೋದು ಹೆಂಗೆ? ಮಳೆಗೆ ಬೆನ್ನು ಕೊಡ್ಬೇಕು ಅಂತ ನಮ್ಮೂರಲ್ಲಿ ಸಣ್ಣ ಮಕ್ಕಳಿಗೂ ಗೊತ್ತು."

ನಿಜ ತಾನೇ? ನಮ್ಮ ಕಡೆ ಮಳೆ ಮೇಲಿಂದ ಬೀಳುವುದಿಲ್ಲ, ಎದುರಿನಿಂದ ಬಂದು ಬಾರಿಸುತ್ತದೆ. ಜೋರಾದಾಗ ಎಲ್ಲರೂ ನಿಂತು ಬೆನ್ನು ತಿರುಗಿಸುವವರೇ. ನನಗೂ ಸರಿಯೆನ್ನಿಸಿತು, ಸುಮ್ಮನಾದೆ.

ಕಾರು ಬಂತು. ಮೇಷ್ಟ್ರು ಇಳಿಯುತ್ತಿದ್ದ ಹಾಗೇ ಸ್ಪಂದನಾ ಹುರುಪಿನಲ್ಲಿ ಅಂಗಳದಿಂದಲೇ ಕೂಗಿದಳು, "ಅಪ್ಪಾ, ನೀರು ಬಿಡಿ!" ನಮ್ಮಣ್ಣ ಚನ್ನಮಲ್ಲಪ್ಪನಿಗೆ ಅರ್ಧ ಕೆಲಸ ಮಾಡಿ ಗೊತ್ತಿಲ್ಲ, ಗೇಟನ್ನು ಪೂರ್ತಿ ಎತ್ತಿದ. ಅವರು ಕಾಲುವೆ ಹತ್ತಿರ ಬರುವುದಕ್ಕೂ ನೀರು ಬರುವುದಕ್ಕೂ ಸರಿಹೋಯಿತು. ಅಗಲ ಅಂಚಿನದೇ ಮೊದಲು ಮಗುಚಿತು! ಬಾಲದಡಿಗೆ ನೀರು ನುಗ್ಗಿ, ಎತ್ತಿ, ಉರುಳಿಸಿಕೊಂಡು ಹೋಗಿ ಕೊನೆಯ ಜಾಲರಿಗೆ ಬಡಿಯಿತು. ಗುಂಡನೆಯದು ಅದರ ಹಿಂದೆಯೇ ಹೋಯಿತು.

ಸ್ಪಂದನಾಳ ಮುಖ ಸುಣ್ಣವಾಯಿತು. ಫಳಫಳ ಹೊಳೆಯುತ್ತಿದ್ದ ಕಾಲುವೆಯ ಅಂಚು ನೋಡಿದಳು, ಅಮ್ಮನ ಕೈಯ ಪೊರಕೆ ನೋಡಿದಳು. ಅತ್ತಿಗೆ ಮೋಡ ನೋಡುತ್ತಿದ್ದಳು. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ.

"ಹಿಂದುಮುಂದಾಗಿ ಇಟ್ಬಿಟ್ಟಿದ್ದೆ ಸರ್," ಅಂದಳು ಹುಡುಗಿ. "ನನ್ನದೇ ತಪ್ಪು."

ಅಯ್ಯೋ ಹುಚ್ಚಿ!

ನಿರಂಜನ್ ಮೇಷ್ಟ್ರು ಕನ್ನಡಕ ತೆಗೆದರು. "ಎರಡು ವರ್ಷದಿಂದ ಇದನ್ನೇ ಓದ್ತಾ ಇದ್ದೀಯ. ಮುಖ ಯಾವ ಕಡೆ ಇಡಬೇಕು ಅಂತ ನೋಡೋಕಾಗಲ್ಲ ಅಂದ್ರೆ, ನಿನ್ನ ನಂಬಿ ನಾನು ಹೇಗಮ್ಮ ಸೇರಿಸಿಕೊಳ್ಳಲಿ?"

ಸ್ಪಂದನಾ ತಲೆ ತಗ್ಗಿಸಿದಳು. ನಾನು ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಪೊರಕೆ ಬಿದ್ದ ಸದ್ದು.

"ಅವಳಲ್ಲ ಸ್ವಾಮಿ. ನಾನು," ಅಂದಳು ಅತ್ತಿಗೆ. "ಅವಳು ಸರಿಯಾಗೇ ಇಟ್ಟಿದ್ಲು. ಉಜ್ಜಕ್ಕೆ ಅಂತ ತೆಗೆದು ತಿರುಗಿಸಿಟ್ಟೋಳು ನಾನು. ತಪ್ಪು ನಂದು."

ಅಣ್ಣ ಗೇಟಿನ ಹತ್ತಿರ ಕಲ್ಲಾಗಿ ನಿಂತ. ಮದುವೆಯಾದಾಗಿನಿಂದ ಆ ಮಾತು ಕೇಳಲು ಕಾದಿದ್ದವನು ಅವನು.

ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ಇನ್ನೊಂದ್ಸಲ ಇಡಮ್ಮ, ನೋಡೋಣ," ಅಂದರು.

ಅಣ್ಣ ಗೇಟು ಇಳಿಸಿದ ಮೇಲೆ ಸ್ಪಂದನಾ ಮತ್ತೆ ಮರಳು ಹಾಸಿ, ಈ ಸಲ ನೀರಿಗೆ ಮುಖ ಮಾಡಿ ಇಟ್ಟಳು. ನೀರು ಬಂತು. ಗುಂಡನೆಯದು ಒಮ್ಮೆ ಅಲುಗಿ, ಉರುಳಿ ಹೋಯಿತು. ಅಗಲ ಅಂಚಿನದು ತಲೆಯನ್ನು ಮರಳಿಗೆ ಒತ್ತಿಕೊಂಡು ಕೂತಿತು. ನೀರು ಅದರ ಬೆನ್ನ ಮೇಲೆ ಹತ್ತಿ ದಾಟಿ ಹೋಗುತ್ತಲೇ ಇತ್ತು. ಮೇಷ್ಟ್ರು ಪ್ಯಾಂಟು ಒದ್ದೆಯಾಗುವುದನ್ನೂ ಲೆಕ್ಕಿಸದೆ ಮಂಡಿಯೂರಿದರು. ತುಂಬ ಹೊತ್ತು ನೋಡಿ, "ಸೋಮವಾರ ಬಂದು ಸೇರ್ಕೋ," ಅಂದರು.

ಅವರು ಕಾಫಿ ಕುಡಿದು ಹೊರಟ ಮೇಲೆ ಅತ್ತಿಗೆಯನ್ನು ಚೆನ್ನಾಗಿ ಆಡಿಕೊಳ್ಳಬೇಕು ಅಂತ ಕಾಲುವೆ ಹತ್ತಿರ ಹೋದೆ. ಅಮ್ಮ ಮಗಳು ಕಟ್ಟೆಯ ಮೇಲೆ ಕೂತಿದ್ದರು.

"ನಾನು ಒಪ್ಕೊಂಡಾಗಿತ್ತಲ್ಲಮ್ಮ, ನೀನ್ಯಾಕೆ ಹೇಳಕ್ಕೆ ಹೋದೆ?"

"ನಿನ್ನ ಹುಳ ಕೊಚ್ಕೊಂಡು ಹೋದಾಗ್ಲೂ ಸುಮ್ನೆ ಇದ್ದೆ ಕಣೆ, ಸುಳ್ಳು ಹೇಳಲ್ಲ," ಅಂದಳು ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ. "ನೀನು ತಲೆ ತಗ್ಗಿಸಿದ್ದು ನೋಡಕ್ಕಾಗ್ಲಿಲ್ಲ."

ಆಡಿಕೊಳ್ಳುವುದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡೆ. ನಾನೂ ಹೋಗಿ ಅತ್ತಿಗೆಯ ಪಕ್ಕ ಕೂತೆ.