ಗಿಳಿ ಬೆದರಿಸಿದ ಹಾಡುಗಳು

ಸೊಪ್ಪು ಇನ್ನೂ ಒದ್ದೆ, ಒದ್ದೆ ಸೊಪ್ಪು ತಿಂದರೆ ರೇಷ್ಮೆಹುಳಕ್ಕೆ ರೋಗ, ಒಸಿ ಆರಲಿ ಎಂದು ಸರಸಮ್ಮ ಗೋಣಿಯ ಮೇಲೆ ಹರಡುತ್ತಿದ್ದಾಗಲೇ ಬಾಗಿಲಲ್ಲಿ ಚಪ್ಪಲಿಯ ಸದ್ದು — ಅವ್ವಾ, ಅಟ್ಟದ ಮ್ಯಾಲಿನ ಡಬ್ಬ ಇಳಿಸ್ಕೊಡು, ನಮ್ ಸಿಡಿ ಬೇಕು — ರಾತ್ರಿ ಪಾಳಿ ಮುಗಿಸಿ ಬಂದ ಮಗಳು ನವ್ಯಶ್ರೀ, ಬಿಡದಿಯ ಫ್ಯಾಕ್ಟರಿಯ ನೀಲಿ ಅಂಗಿ ಇನ್ನೂ ಮೈಮೇಲೆ, ಕಣ್ಣು ಕೆಂಪು, ಮುಖದ ತುಂಬ ನಗು, ಮೈಸೂರಿನ ಕಾಲೇಜ್ನೋರು ಕರ್ದವ್ರೆ ಕಣವ್ವ, ನಮ್ ರಾಕ್ ಬ್ಯಾಂಡ್‌ನ, ಆಲ್ಬಂ ಇರೋವಷ್ಟೂ ತನ್ನಿ ಅಂದವ್ರೆ. ಸರಸಮ್ಮನ ಕೈ ಸೊಪ್ಪಿನಲ್ಲೇ ನಿಂತಿತು. ಡಬ್ಬ ಖಾಲಿ. ಅದರಲ್ಲಿದ್ದುದೆಲ್ಲ ಹಿತ್ತಲ ಜೋಳದ ಹೊಲದಲ್ಲಿ ದಾರಕ್ಕೆ ನೇತಾಡುತ್ತಿದೆ, ಬಿಸಿಲಿಗೆ ತಿರುಗಿ ತಿರುಗಿ ಮಿಂಚುತ್ತಿದೆ, ಗಿಳಿಗಳು ಹತ್ತಿರ ಸುಳಿಯುತ್ತಿಲ್ಲ.

ಹುಳದ ಮನೆ ಖಾಲಿಯಿದ್ದ ದಿನಗಳಲ್ಲೇ ಅಲ್ಲವೆ ಬ್ಯಾಂಡಿನವರು ಆ ಹಾಡುಗಳನ್ನು ಕಟ್ಟಿದ್ದು, ಮನೆ ತೊಳೆದ ಬ್ಲೀಚಿಂಗ್ ಪುಡಿಯ ಘಾಟಿನಲ್ಲಿ ಕೆಮ್ಮುತ್ತ, ನವ್ಯ ಗಿಟಾರು, ಚನ್ನಪಟ್ಟಣದ ಗೊಂಬೆ ಕೆಲಸದ ಮೆಹಬೂಬ್ ತಾನೇ ಕಡೆದ ಕೋಲುಗಳಲ್ಲಿ ಡ್ರಮ್ಮು, ನಿಲ್ಲದ ಮಿಷಿನ್ನಿನ ಮೇಲೆ, ಪಾಳಿ ಬಸ್ಸಿನಲ್ಲಿ ನಿದ್ದೆ ಹೋಗುವ ಹುಡುಗಿಯರ ಮೇಲೆ ಹಾಡು — ಇದೇನ್ ಕೂಗಾಟ, ಈ ಮನೇಲಿ ಇನ್ ಹುಳ ಗೂಡು ಕಟ್ದಂಗೇ ಎಂದ ಅತ್ತೆ ಚಿಕ್ಕಲಕ್ಷ್ಮಮ್ಮನ ಜೊತೆ ಜಗಳವಾಡಿ ಟೀ ಕಾಯಿಸಿ ಕೊಟ್ಟವಳು ತಾನೇ, ಅಷ್ಟು ಮಾಡಿದೆನಲ್ಲ, ಅಷ್ಟು ಸಾಲದೆ, ಸಾಲದು. ರಾಮನಗರದ ವೇದಿಕೆಯಲ್ಲಿ ಹುಡುಗರು ಶಿಳ್ಳೆ ಹೊಡೆದು ಅವರನ್ನು ಇಳಿಸಿದರು, ಮೈದುನ ದೇವರಾಜು ಗೂಡಿನ ಮಾರ್ಕೆಟ್ಟಿನಲ್ಲಿ ಎಲ್ಲರೆದುರು, ಅತ್ಗೆ, ನಿಮ್ ಮಗಳ್ಗೆ ಹೊಟ್ಟೆನೋವಾ, ಹಂಗ್ ಕಿರುಚ್ತಾಳಲ್ಲ, ಎಂದ. ಅವತ್ತೇ ಸಂಜೆ ನವ್ಯ ಒಂದು ಸಿಡಿ ಕೈಗಿಟ್ಟಳು, ಮೇಲೆ ಪೆನ್ನಿನಲ್ಲಿ ಅವ್ವಂಗೆ ಎಂದು ಬರೆದಿತ್ತು. ಹುಳ ಗೂಡು ಕಟ್ಟೋಕೆ ಚಂದ್ರಿಕೆ ಹತ್ಲಿ ಕಣೆ, ಕೂತ್ಕಂಡು ಕೇಳ್ತೀನಿ, ಎಂದಳು ಸರಸಮ್ಮ. ಹುಳ ಹತ್ತಿತು, ಗೂಡು ಮಾರಿದ್ದಾಯಿತು, ಮತ್ತೆ ಮರಿ ಬಂತು, ಸೊಪ್ಪು, ಕಸ, ಅಡಿಗೆ — ಅಲ್ಲ, ಪುರುಸೊತ್ತಿನ ಮಾತಲ್ಲ, ಕೇಳಿದರೆ ತನಗೂ ದೇವರಾಜುವಿನ ಹಾಗೆ ನಗು ಬಂದುಬಿಟ್ಟರೆ ಎಂಬ ಹೆದರಿಕೆ. ಹೆಂಗೈತವ್ವ ಎಂದು ನವ್ಯ ಕೇಳಿದಾಗ, ಚೆನ್ನಾಗೈತೆ ಕಣೆ, ಬಲೇ ಚೆನ್ನಾಗೈತೆ. ಕೂಸಿನ ಹಾಗೆ ಕತ್ತು ತಬ್ಬಿಕೊಂಡಳು, ನೀನೊಬ್ಳಾದ್ರೂ ಅಂದ್ಯಲ್ಲ ಅವ್ವ.

ಆಮೇಲೆ ಜೋಳಕ್ಕೆ ಹಾಲು ತುಂಬಿತು, ಗಿಳಿ ಎರಗಿದವು, ಅಟ್ಟದ ಮ್ಯಾಲೆ ಆ ಹೊಳಿಯೋ ಬಿಲ್ಲೆ ಅವಲ್ಲ, ಅವ್ನ ಕಟ್ಟು ಎಂದಳು ಅತ್ತೆ, ಯಾರೂ ಕೊಳ್ಳದ್ದು ತಾನೆ ಎಂದು ನಿನ್ನೆ ಮಗಳು ಪಾಳಿಗೆ ಹೋದ ಮೇಲೆ ಸರಸಮ್ಮನೂ ಒಂದೊಂದಕ್ಕೆ ಗಂಟು ಹಾಕಿದಳು, ಕೊನೆಗೆ ದಾರ ಮಿಕ್ಕಿತು, ತನ್ನದನ್ನೂ ಕಟ್ಟಿದಳು.

ಈಗ ಹೇಳಬೇಕು, ಹೇಗೆ ಹೇಳುವುದು, ಅಷ್ಟರಲ್ಲಿ ಅವಳೇ ಮುಖ ತೊಳೆಯಲು ಹಿತ್ತಲಿಗೆ ಹೋದಳು, ಚೊಂಬು ಬಿದ್ದ ಸದ್ದು, ಸರಸಮ್ಮ ಓಡಿದಳು. ನವ್ಯ ಜೋಳದ ಸಾಲಿನೊಳಗೆ ನಡೆದಿದ್ದಳು. ಸಾಲಿನ ತುದಿಯ ಒಂದು ಸಿಡಿ ತಿರುಗುತ್ತಿತ್ತು, ಹೊಳಪು, ಅವ್ವಂಗೆ, ಹೊಳಪು, ಅವ್ವಂಗೆ. ಅದನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿದಳು, ತಿರುಗದೆಯೇ ಕೇಳಿದಳು —

ಅವ್ವಾ, ಒಂದ್ ಹಾಡಾದ್ರೂ ಕೇಳಿದ್ಯಾ?