ತೂತಿನ ದೋಣಿ

ನಮ್ಮ ಗಿಡ್ಡಪ್ಪ ಮಾವ ಕಟ್ಟಿದ ತೆಪ್ಪ ಎಷ್ಟು ಗಟ್ಟಿ ಎಂದರೆ, ಒಂದು ಬೇಸಿಗೆಯಲ್ಲಿ ತುಂಗಭದ್ರೆ ಪೂರಾ ಬತ್ತಿದಾಗ ಅದು ಬರೀ ಇಬ್ಬನಿಯ ಮೇಲೆ ತೇಲಿಕೊಂಡು ಆಚೆ ದಡ ಸೇರಿತ್ತು. ಒಳಗೆ ಬೀಗರ ಕಡೆಯ ಹತ್ತು ಜನ, ಒಂದು ಬೀರು, ಎರಡು ಮೇಕೆ. ನಂಬದವರು ಸಾಸ್ವೆಹಳ್ಳಿಗೆ ಬಂದು ಆ ಮೇಕೆಗಳನ್ನೇ ಕೇಳಬಹುದು.

ಅಂಥ ಮಾವನ ಕೈಯಿಂದಲೇ ನನ್ನ ಬಾಮೈದ ನಾಗರಾಜನ ದೋಣಿ ಕೆಟ್ಟಿತು. ಇದನ್ನು ಮಾತ್ರ ಯಾವ ಮೇಕೆಯನ್ನೂ ಕೇಳಬೇಕಾಗಿಲ್ಲ. ನಾನೇ ಕಣ್ಣಾರೆ ಕಂಡಿದ್ದೇನೆ.

ನಾಗರಾಜ ನನ್ನ ಹೆಂಡತಿಯ ತಮ್ಮ. ಹೊನ್ನಾವರದಲ್ಲಿ, ಶರಾವತಿ ಹೋಗಿ ಸಮುದ್ರ ಸೇರುವ ಕಡೆ, ಪ್ರವಾಸಿಗಳನ್ನು ಕಯಾಕ್‌ನಲ್ಲಿ ಕರೆದುಕೊಂಡು ಹೋಗುವ ಕೆಲಸದಲ್ಲಿದ್ದ. ಕಯಾಕ್ ಎಂದರೆ ಒಬ್ಬರೇ ಕಾಲು ಚಾಚಿ ಕೂರುವ ಉದ್ದನೆಯ ಪ್ಲಾಸ್ಟಿಕ್ ದೋಣಿ. ಹುಟ್ಟಿಗೆ ಎರಡೂ ತುದಿಯಲ್ಲಿ ಹಲಗೆ. ಅದರಲ್ಲಿ ಕೂತು ನಾಗರಾಜ ಎಷ್ಟು ಜೋರಾಗಿ ಹೋಗುತ್ತಿದ್ದ ಎಂದರೆ, ಅವನ ನೆರಳು ಹೊತ್ತು ಮುಳುಗಿದ ಮೇಲೆ ಒಂಟಿಯಾಗಿ ಮನೆಗೆ ಬರುತ್ತಿತ್ತಂತೆ. ಆಮೇಲೆ ಎರಡೂ ಕಿಡ್ನಿ ಕೈಕೊಟ್ಟವು. ಕೆಲಸ ಬಿಟ್ಟು ಬರುವಾಗ ಅಲ್ಲಿನ ಯಜಮಾನ ಒಂದು ಹಳೇ ಕಿತ್ತಳೆ ಬಣ್ಣದ ಕಯಾಕ್ ಕೊಟ್ಟ. ನನ್ನ ಲಗೇಜ್ ಆಟೊದ ಮೇಲೆ ಅದನ್ನು ಹೇರಿಕೊಂಡು ಬಂದೆವು. ದಾರಿಯುದ್ದಕ್ಕೂ ಜನ ಅದನ್ನು ಯಾವುದೋ ದೇವರ ಪಲ್ಲಕ್ಕಿ ಎಂದುಕೊಂಡು ಕೈಮುಗಿದರು.

ಅಂದಿನಿಂದ ದಿನ ಬಿಟ್ಟು ದಿನ ಹೊನ್ನಾಳಿ ಆಸ್ಪತ್ರೆ. ಅವನ ಕೈಗೆ ನಳಿಗೆ ಚುಚ್ಚಿ, ರಕ್ತ ಹೊರಗೆ ತೆಗೆದು, ತೊಳೆದು, ಮತ್ತೆ ಒಳಗೆ ಬಿಡುವ ಯಂತ್ರ. ನೀರು ಕುಡಿಯುವುದಕ್ಕೂ ಅಳತೆ. ಹೊಳೆದಂಡೆಯಲ್ಲಿ ಹುಟ್ಟಿದವನಿಗೆ ಬೆಳಗಿಂದ ರಾತ್ರಿಯವರೆಗೆ ಒಂದು ಸಣ್ಣ ಚೊಂಬು. ಅವನ ಹೆಂಡತಿ ನೇತ್ರಾವತಿ ಅದನ್ನು ಸೆರಗಿನಡಿ ಇಟ್ಟುಕೊಂಡು ಗುಟುಕು ಗುಟುಕಾಗಿ ಕೊಡುತ್ತಿದ್ದಳು.

ಯಂತ್ರದ ಪಕ್ಕ ಮಲಗಿದ್ದಾಗ ಒಂದು ದಿನ ನಾಗರಾಜ ಅಂದ:

"ಬಾವ, ಒಂದೇ ಒಂದ್ ಸಲ ದೋಣಿ ಬಿಡ್ಬೇಕು."

"ಅದಕ್ಕೇನು, ನಾಳೇನೇ ಹೊಳೆಗೆ ಇಳಿಸಾನ."

"ಹೊಳೆ ಬ್ಯಾಡ. ಆಚೆ ದಡ ಕಾಣಬಾರ್ದು. ಅಂಥ ನೀರು ಬೇಕು."

"ಯಾಕೋ? ದಡ ಏನ್ ಮಾಡೈತೆ ನಿಂಗೆ?"

"ದಡ ಕಂಡ್ರೆ ಎಲ್ಲಿ ಮುಗೀತೈತೆ ಅಂತ ಗೊತ್ತಾಗಿಬಿಡ್ತೈತೆ, ಬಾವ. ಈಗ ನಂಗೆ ಎಲ್ಲ ಕಡೀನೂ ಅದೇ ಕಾಣ್ತೈತೆ."

ನಾನು ಸ್ಟೂಲನ್ನು ಅವನ ಮಂಚದ ಹತ್ತಿರಕ್ಕೆ ಎಳೆದುಕೊಂಡೆ. "ಹಂಗಾದ್ರೆ ಸಮುದ್ರಾನೇ ಆಗ್ಬೇಕು," ಅಂದೆ.

ಆವತ್ತಿನಿಂದ ಜಾಗ ಆರಿಸುವುದೇ ನಮಗೆ ಕೆಲಸ. ನಳಿಗೆ ಚುಚ್ಚಿಸಿಕೊಂಡ ಕೈ ಅಲ್ಲಾಡಿಸದೆ, ಇನ್ನೊಂದು ಕೈಯಲ್ಲಿ ಗಾಳಿಯಲ್ಲೇ ಕರಾವಳಿ ಬರೆಯುತ್ತಿದ್ದ. ಕಾರವಾರದ ಕಾಳಿ ಹೊಳೆ ಚಂದ, ಆದರೆ ದೂರ. ಮಲ್ಪೆಯಲ್ಲಿ ಸಮುದ್ರ ವಿಶಾಲ, ಆದರೆ ದಡದಲ್ಲೇ ಅಲೆ ಹಿಡಿದು ಗುದ್ದುತ್ತದೆ, ಈಗಿನ ತೋಳಿಗೆ ಆಗದು. ಹೊನ್ನಾವರವೇ ಸೈ. ಉಪ್ಪುನೀರಲ್ಲೇ ಬೇರೂರಿದ ಕಾಂಡ್ಲಾ ಗಿಡಗಳ ನೆರಳಲ್ಲಿ ಹೊರಟು, ನೀರಿಳಿತದ ಹೊತ್ತಿಗೆ ಅಳಿವೆಯ ಬಾಯಿಗೆ ಹೋದರೆ ಮುಂದೆ ಬರೀ ಆಕಾಶ.

"ಡಾಕ್ಟ್ರು ಬ್ಯಾಡ ಅಂದವ್ರೆ," ಅಂದಳು ನೇತ್ರಾವತಿ.

"ಡಾಕ್ಟ್ರಿಗೆ ಈಜು ಬರಲ್ಲ ಕಣವ್ವ," ಅಂದೆ ನಾನು.

ಹೊರಟೆವು. ಸಾಗರ ಪೇಟೆ ಇನ್ನೂ ಮುಂದಿತ್ತು, ಅಷ್ಟರಲ್ಲೇ ಅವನಿಗೆ ಉಸಿರು ಕಟ್ಟಿತು. ಪಾದ ಎರಡೂ ಹಲಸಿನ ತೊಳೆಯಂತೆ ಊದಿದವು. ಗಾಡಿ ತಿರುಗಿಸಿದೆ. ಹಿಂದೆ ಕಟ್ಟಿದ್ದ ಕಯಾಕ್ ಗಾಳಿಗೆ ಹಗ್ಗ ಉಜ್ಜಿಕೊಂಡು ಕಿರ್ ಕಿರ್ ಎನ್ನುತ್ತಿತ್ತು.

"ಮೆಷಿನ್ನೇ ಗೂಟ, ಬಾವ," ಅಂದ ನಾಗರಾಜ ಮನೆಗೆ ಬಂದ ಮೇಲೆ. "ನಾನು ಕರ. ಹಗ್ಗ ಇದ್ದಷ್ಟೇ ಮೇವು."

ಸಮುದ್ರ ಹೋಯಿತು. ಇನ್ನು ಹಗ್ಗದಳತೆಯೊಳಗೆ ಹುಡುಕಬೇಕು. ನಮ್ಮೂರ ಹೊಳೆಯನ್ನೇ ನೋಡು ಎಂದೆ.

"ಆಚೆ ದಡದಾಗೆ ಭೀಮಕ್ಕ ಬಟ್ಟೆ ಒಗಿಯೋದು ಕಾಣ್ತೈತೆ."

"ಕಣ್ ಮುಚ್ಕೋ."

"ಅವ್ಳು ಸೊಸೇನ ಬೈಯೋದು ಕೇಳ್ತೈತಲ್ಲ!"

ನ್ಯಾಮತಿ ಕಡೆಯ ಮಹೇಶ್ವರಪ್ಪನವರು ಅಡಿಕೆ ತೋಟದವರು, ನನ್ನ ಬಾಡಿಗೆ ಗಿರಾಕಿ. ವಿಷಯ ಕೇಳಿ ಅವರ ಕರುಳು ಚುರ್ ಎಂದಿತು. "ಅಯ್ಯೋ, ನಮ್ ಹೊಂಡ ಐತಲ್ರೀ, ತುಂಬಿ ತುಳುಕ್ತೈತೆ, ಬನ್ರಿ," ಎಂದು ಕರೆದರು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ. ಕಯಾಕ್ ಇಳಿಸುವ ಮೊದಲೇ ಅದರ ಮೂತಿ ಆಚೆ ದಡಕ್ಕೆ ತಾಗುವಂತೆ ಕಾಣುತ್ತಿತ್ತು. ಮಹೇಶ್ವರಪ್ಪನವರು ಬಾಳೆಹಣ್ಣು ಕೊಟ್ಟರು. ಅದು ಕಿಡ್ನಿಗೆ ಆಗದು. ನಾನೇ ಇಬ್ಬರ ಪಾಲೂ ತಿಂದೆ.

ಜಗಳೂರು ಕೆರೆಗೆ ನೀರು ಬಂದಿದೆ ಎಂದು ಯಾರೋ ಹೇಳಿದರು. ಅಲ್ಲಿಗೂ ಹೋದೆವು. ನಾವು ನಿಂತ ಮಗ್ಗುಲಲ್ಲಿ ನೀರು ಪಾದದ ಗಂಟು ಮುಳುಗುವಷ್ಟಿತ್ತು. ಜಾಲಿ ಗಿಡಗಳ ನಡುವೆ ಕುರಿಗಳು ನಿಂತು ನಮ್ಮ ದೋಣಿಯನ್ನೇ ನೋಡುತ್ತಿದ್ದವು. ಕುರಿ ಕಾಯುವ ಮುದುಕ ಕೇಳಿದ:

"ಏನ್ ಯಜಮಾನ, ಇದ್ರಾಗೆ ಬೀಜ ಬಿತ್ತುತೀರೋ, ಗೊಬ್ಬರ ಹಾಕ್ತೀರೋ?"

"ಮೀನು ಬಿತ್ತಾಕೆ ಬಂದೀವಿ," ಅಂದೆ. "ಮಳೆ ಬಿದ್ರೆ ಮೊಳಕೆ ಒಡಿತಾವೆ."

ಮುದುಕ ನಕ್ಕ. ನಾಗರಾಜ ನಗಲಿಲ್ಲ. ಬಗ್ಗಿ ಬೆರಳು ಅದ್ದಿ, ಒದ್ದೆ ಬೆರಳನ್ನು ತುಟಿಗೆ ಸವರಿಕೊಂಡ.

ಉಳಿದದ್ದು ಸೂಳೆಕೆರೆ. ಚನ್ನಗಿರಿ ಸೀಮೆಯ ಆ ಕೆರೆ ಎಷ್ಟು ದೊಡ್ಡದು ಎಂದರೆ, ಈ ದಡದಲ್ಲಿ ಒಬ್ಬ ಸೀನಿದರೆ ಆ ದಡದವರು ಮರುದಿನ ಬೆಳಗ್ಗೆ "ನೂರು ವರ್ಷ ಬಾಳು" ಎನ್ನುತ್ತಾರೆ. ಚಳಿಗಾಲ ಶುರುವಾಗಿತ್ತು. ಬೆಳಗಿನ ಮಂಜಿನಲ್ಲಿ ಆಚೆ ದಡ ಇರುವುದೇ ಇಲ್ಲ. ನಾಗರಾಜನ ಕಣ್ಣಿಗೆ ಬೆಳಕು ಬಂತು.

"ಹೌದಲ್ಲ ಬಾವ! ಮಂಜು ಹರಿಯೋದ್ರೊಳಗೆ ಹೋಗಿ ಬಂದ್ಬಿಡಾನ. ಮೆಷಿನ್ ಮಾಡಿಸ್ಕೊಂಡ ಮರುದಿನ ಮೈ ಹಗುರ ಇರ್ತೈತೆ."

ಡಾಕ್ಟರು ಈ ಸಲ ಬೇಡ ಎನ್ನಲಿಲ್ಲ. ಬೇಗ ಹೋಗಿ ಬನ್ನಿ ಎಂದರು. ಅವರು ಹಾಗೆ ಒಪ್ಪಿದ್ದು ನನಗೆ ಹಿಡಿಸಲಿಲ್ಲ.

ಕಯಾಕ್ ಇಟ್ಟಿದ್ದು ಗಿಡ್ಡಪ್ಪ ಮಾವನ ಹಿತ್ತಲಲ್ಲಿ. ನಾಗರಾಜನಿಗೆ ಆತ ಸೋದರಮಾವ. ಹೊಳೆ ದಾಟಿಸುವ ನಮ್ಮವರಲ್ಲಿ ಒಂದು ಪದ್ಧತಿ ಇದೆ: ಮನೆಯ ಗಂಡು ತನ್ನ ದೋಣಿಯನ್ನು ದೊಡ್ಡ ನೀರಿಗೆ ಇಳಿಸುವ ಮುಂಚೆ ಸೋದರಮಾವನೇ ಅದಕ್ಕೆ ಡಾಂಬರು ಬಳಿಯಬೇಕು. ಬಿದಿರ ಸೀಳಿನ ತೆಪ್ಪಕ್ಕೆ ಗೊಬ್ಬರದ ಚೀಲ ಸುತ್ತಿ, ಮೇಲೆ ಬಿಸಿ ಡಾಂಬರು ಬಳಿದರೆ ನೀರು ಒಳಗೆ ಬರುವುದಿಲ್ಲ. ತಾಳಿ ಕಟ್ಟುವಾಗ ಸೋದರಮಾವ ಇಲ್ಲದಿದ್ದರೂ ನಡೆದೀತು, ಡಾಂಬರಿಗೆ ಇಲ್ಲದಿದ್ದರೆ ನಡೆಯದು. ಆದರೆ ಪ್ಲಾಸ್ಟಿಕ್ ದೋಣಿಗೆ ಎಂಥ ಡಾಂಬರು? ನಮಗೆ ಅದರ ನೆನಪೇ ಆಗಲಿಲ್ಲ.

ಮಾವನಿಗೆ ಆಗಿತ್ತು.

ನಾವು ಹೊನ್ನಾಳಿಯಲ್ಲಿ ಯಂತ್ರದ ಮುಂದೆ ಕೂತಿದ್ದ ದಿನ ಮಾವ ಕಯಾಕ್ ಸುತ್ತ ನೋಡಿದ್ದಾನೆ. ಕೂರುವ ಜಾಗದಲ್ಲಿ, ಕಾಲಿಡುವ ಜಾಗದಲ್ಲಿ, ಮೇಲಿಂದ ತಳದವರೆಗೆ ಆರಪಾರ ತೂತು. ಅವು ಬೇಕೆಂದೇ ಇಟ್ಟ ತೂತು. ಮೇಲೆ ಸಿಡಿದ ನೀರು ಅವುಗಳಲ್ಲಿ ಇಳಿದುಹೋಗಲಿ ಎಂದು. ದೋಣಿಯ ಹೊಟ್ಟೆ ಬೇರೆಯೇ ಮುಚ್ಚಿಕೊಂಡಿರುತ್ತದೆ, ಅದರ ಗಾಳಿಯಲ್ಲೇ ದೋಣಿ ತೇಲುವುದು. ಇದನ್ನು ನಾಗರಾಜ ನನಗೆ ಹೇಳಿದ್ದ. ಮಾವನಿಗೆ ಯಾರೂ ಹೇಳಿರಲಿಲ್ಲ.

ಮರುದಿನ ನಸುಕಿಗೆ ನಾವು ಹೋದಾಗ ಆತ ತಲೆಗೆ ಹೊಸ ಟವೆಲ್ ಸುತ್ತಿಕೊಂಡು ನಿಂತಿದ್ದ. ಮೂರು ಕಲ್ಲಿನ ಒಲೆಯ ಮೇಲೆ ಡಾಂಬರಿನ ಡಬ್ಬ. ಅಂಗೈ ಎರಡೂ ಕಪ್ಪು.

"ಬಾರಲೇ ನಾಗ! ಯಾವ್ ಬೇವರ್ಸಿ ಕೊಟ್ಟ ನಿಂಗೆ ಇದನ್ನ? ಮೈತುಂಬ ತೂತು! ಜರಡಿ ತಗೊಂಡು ಸಮುದ್ರದಾಗೆ ಹೆಂಗೆ ತಿರುಗ್ತಿದ್ದೆಯೋ? ನೋಡೀಗ. ಕುದಿಯೋ ಡಾಂಬರು ಹುಯ್ದು, ಕಾದ ಸಲಾಕೆಯಿಂದ ಒತ್ತಿ ಒತ್ತಿ ಮುಚ್ಚೀನಿ. ಒಂದು ಹನಿ ಸೋರಲ್ಲ!"

ಕಯಾಕ್‌ನ ತಳ, ಉಬ್ಬಿದ ರೊಟ್ಟಿಯ ಗಾಳಿ ಇಳಿದಂತೆ, ಒಳಕ್ಕೆ ಕುಸಿದಿತ್ತು. ತಳದ ಕಡೆ ತೂತಿನ ಸುತ್ತ ಪ್ಲಾಸ್ಟಿಕ್ ಕರಗಿ ಸೀಳಿಹೋಗಿತ್ತು. ಹೊಟ್ಟೆಯೊಳಗಿನ ಕತ್ತಲೆ ಕಾಣುತ್ತಿತ್ತು. ನಾನು "ಅಯ್ಯೋ ಮಾವ" ಎನ್ನುವಷ್ಟರಲ್ಲಿ ನಾಗರಾಜ ನನ್ನ ರಟ್ಟೆ ಹಿಡಿದ. ಆ ಕೈಯಲ್ಲಿ ಅಷ್ಟು ಶಕ್ತಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ಚಲೋ ಆತು, ಮಾವ," ಅಂದ. ಬಗ್ಗಿ ಕಾಲು ಮುಟ್ಟಿದ.

ಮುದುಕನ ಕಣ್ಣು ತುಂಬಿತು. "ಹೋಗ್ ಬಾ. ಗಂಗವ್ವ ಕಾಯ್ತಾಳೆ."

ಆಟೊ ಹೊಳೆಯ ಸೇತುವೆ ದಾಟಿದ ಮೇಲೆ ನಾನು ಬೈದೆ. "ಯಾಕೋ ಸುಮ್ನಿದ್ದೆ? ಹೇಳ್ಬೇಕಿತ್ತು!"

"ಹೇಳಿದ್ರೆ ತೂತು ವಾಪಸ್ ಬರ್ತಾವಾ? ಈ ಸೇತುವೆ ಆಗಿ ತೆಪ್ಪ ನಿಂತ್ಮೇಲೆ ಅವ್ನ ಕೈಗೆ ಡಾಂಬರು ಹತ್ತಿದ್ದು ಇವತ್ತೇ, ಬಾವ. ನಡೀರಿ, ನೋಡಾನ."

"ಏನ್ ನೋಡಾದು? ಮುಳುಗ್ತೈತೆ."

"ಮುಳುಗೋದ್ರೊಳಗೆ ಎಷ್ಟು ದೂರ ಹೋಗ್ತೀನಿ ಅಂತ."

ಸೂಳೆಕೆರೆಯ ದಂಡೆಯಲ್ಲಿ ಮಂಜು ಹಾಲಿನಂತೆ ನಿಂತಿತ್ತು. ಆಚೆ ದಡ ಇಲ್ಲ, ಗುಡ್ಡ ಇಲ್ಲ, ಏನೂ ಇಲ್ಲ. ನೇತ್ರಾವತಿ ನೀರಿಗೆ ಅರಿಶಿನ ಕುಂಕುಮ ಹಾಕಿದಳು. ಬಲೆ ಬಿಡಿಸುತ್ತಿದ್ದ ಓಬಳಪ್ಪ ಎಂಬ ಮೀನುಗಾರ ಕಯಾಕ್ ಕಡೆ ನೋಡಿ ತಲೆ ಅಲ್ಲಾಡಿಸಿದ.

"ಬ್ಯಾಡ ಅಣ್ಣ, ಅದ್ರಾಗೆ ಜೀವ ಇಲ್ಲ. ನನ್ ತೆಪ್ಪದಾಗೆ ಕೂತ್ಕೋ, ನಡುನೀರಿಗೆ ಕರ್ಕೊಂಡು ಹೋಗ್ತೀನಿ."

"ಕರ್ಕೊಂಡು ಹೋಗೋರು ಭಾಳ ಜನ ಆದ್ರು, ಅಣ್ಣ," ಅಂದ ನಾಗರಾಜ. "ನಾನೇ ಹೋಗ್ಬೇಕು."

ಕೂತ. ನಾನು ಹಿಂದಿನಿಂದ ನೂಕಿದೆ. ಹುಟ್ಟು ಎಡಕ್ಕೆ ಬಿತ್ತು, ಬಲಕ್ಕೆ ಬಿತ್ತು. ದೋಣಿ ಮುಂದೆ ಸರಿಯಿತು. ಒಂದು ಗಳಿಗೆ ಅವನ ಬೆನ್ನು ನೆಟ್ಟಗಾಯಿತು, ಹೊನ್ನಾವರದ ನಾಗರಾಜನ ಬೆನ್ನು. ಮತ್ತೆ ಎಡ. ಮತ್ತೆ ಬಲ. ಅಷ್ಟೇ. ತಳದಿಂದ ಗುಳುಗುಳು ಸದ್ದು ಬಂತು. ಹಿಂಬದಿ ಇಳಿಯಿತು, ಮೂತಿ ಮೇಲೆದ್ದಿತು, ಆಮೇಲೆ ಅದೂ ಇಳಿಯಿತು. ಅಲ್ಲಿ ಇನ್ನೂ ಸೊಂಟದುದ್ದ ನೀರೂ ಇರಲಿಲ್ಲ. ದೋಣಿ ಕೆಸರಿಗೆ ಕೂತಿತು. ನಾಗರಾಜ ಎದೆಯವರೆಗೆ ನೀರಿನಲ್ಲಿ, ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಮಂಜನ್ನು ನೋಡುತ್ತಾ ಹಾಗೇ ಕೂತಿದ್ದ.

ನಾನು ಹೋಗಿ ಪಕ್ಕ ನಿಂತೆ.

"ಬಾವ, ಹೇಳ್ರಿ."

"ಏನ್ ಹೇಳ್ಲಿ?"

"ಎಲ್ಲಿಗೆ ಹೋಗಿದ್ದೆ ನಾನು?"

ನನ್ನ ಬಾಯಲ್ಲಿ ಸುಳ್ಳಿಗೆ ಎಂದೂ ಬರ ಬಂದಿರಲಿಲ್ಲ. ಶುರು ಮಾಡಿದೆ. "ನೀನಾ? ನೀನು ಬಿಟ್ಟ ಬಾಣ ಆದೆ ಕಣೋ. ಸೂಳೆಕೆರೆ ದಾಟಿ, ಭದ್ರಾ ನಾಲೆ ಹತ್ತಿ, ಘಟ್ಟ ಇಳಿದು, ಅಳಿವೆ ಬಾಯಾಗೆ..." ಅಷ್ಟರಲ್ಲಿ ಬಿಸಿಲು ಬಂತು. ಮಂಜು ಹರಿಯಿತು. ಆಚೆ ದಡ ಕಂಡಿತು. ಗದ್ದೆ, ತೆಂಗಿನ ಮರ, ಅಲ್ಲೊಂದು ಟ್ರ್ಯಾಕ್ಟರ್.

"ಸಾಕು, ಎಬ್ಸ್ರಿ," ಅಂದ.

ಆಮೇಲೆ ಅವನು ಜಾಗದ ಮಾತು ಎತ್ತಲಿಲ್ಲ. ಯಂತ್ರದ ಪಕ್ಕ ಮಲಗಿದರೆ ಗೋಡೆ ಕಡೆ ಮುಖ. ನಾನು ಹೊಸ ಹೊಸ ಕೆರೆ ಹೇಳುತ್ತೇನೆ, ಇಲ್ಲದ ಕೆರೆಗಳನ್ನೂ ಹೇಳುತ್ತೇನೆ. ಹೂಂ ಅನ್ನುತ್ತಾನೆ. ಈಗೀಗ ಅದೂ ಇಲ್ಲ.

ಕಯಾಕ್ ಅವನ ಮನೆಯ ಮುಂದೆಯೇ ಇದೆ. ನೇತ್ರಾವತಿ ಎಮ್ಮೆಗೆ ಅದರಲ್ಲೇ ನೀರು ಹುಯ್ಯುತ್ತಾಳೆ. ತಳ ಸೀಳಿದರೂ ಮೇಲಿನ ತೂತು ಡಾಂಬರಿಗೆ ಮುಚ್ಚಿವೆ, ಕೂರುವ ಗುಂಡಿ ಬಾನಿಯಷ್ಟೇ ಆಳ. ಗಿಡ್ಡಪ್ಪ ಮಾವ ದಿನಾ ಸಂಜೆ ಬಂದು ಅದರ ತಳ ಮುಟ್ಟಿ ನೋಡುತ್ತಾನೆ.

"ನೋಡ್ಲೇ ನಾಗ, ಹನಿ ಸೋರಿಲ್ಲ!"

ಜಗುಲಿಯ ಮೇಲೆ ಒರಗಿಕೊಂಡ ನಾಗರಾಜ, "ಹೌದು ಮಾವ," ಅನ್ನುತ್ತಾನೆ. ಎಮ್ಮೆ ಮೂತಿ ಇಳಿಸಿ ಸೊರ್ ಸೊರ್ ಎಂದು ಕುಡಿಯುತ್ತದೆ. ಅದು ಕುಡಿದು ಮುಗಿಸುವವರೆಗೂ ಅವನು ಕಣ್ಣು ಕದಲಿಸುವುದಿಲ್ಲ. ಅವನ ಪಾಲಿನ ಆ ದಿನದ ಚೊಂಬು ಅಷ್ಟು ಹೊತ್ತಿಗೆ ಖಾಲಿಯಾಗಿರುತ್ತದೆ.